ದವಡೆಯ ಕೀಲಿಗೆ ಚಿತ್ರ ಯಾವಾಗ ಬೇಕು, ಯಾವಾಗ ಬೇಡ



ಹಟ್ಟಿಯಲ್ಲಿ ಮಲಗಿ ಮೆಲುಕು ಹಾಕುವ ದನವನ್ನು ನಾವು ದಿನಾಲೂ ನೋಡುತ್ತೇವೆ. ಅದರ ಕೆಳದವಡೆ ಮೇಲೆ ಕೆಳಗೆ ಹೋಗುವುದಕ್ಕಿಂತ ಅತ್ತಿತ್ತ ಸರಿಯುವುದೇ ಹೆಚ್ಚು, ಬೀಸುವ ಕಲ್ಲಿನ ಹಾಗೆ. ಅದೇ ಅಂಗಳದ ಬೆಕ್ಕು ಮೀನಿನ ತಲೆ ಜಗಿಯುವಾಗ ಗಮನಿಸಿ. ಅದರ ದವಡೆ ಬಾಗಿಲಿನ ಬಿಜಾಗರಿಯಂತೆ ಮೇಲೆ ಕೆಳಗೆ ಮಾತ್ರ. ಹುಲ್ಲು ಅರೆಯುವ ದನದ ದವಡೆ ಕೀಲಿನ ಗುಳಿ ಚಪ್ಪಟೆಯಾಗಿದೆ. ಮಾಂಸ ಹರಿಯುವ ಬೆಕ್ಕಿಗೆ ಅದೇ ಗುಳಿ ಆಳವಾಗಿ, ಎಲುಬಿನ ತುದಿಯನ್ನು ಹಿಡಿದುಕೊಂಡಂತಿದೆ. ಮನುಷ್ಯನ ಕೀಲು ಇವೆರಡರ ನಡುವಿನದು. ಅದು ಬಿಜಾಗರಿಯಂತೆ ತಿರುಗುತ್ತದೆ, ಅತ್ತಿತ್ತ ಸರಿಯುತ್ತದೆ, ಬಾಯಿ ದೊಡ್ಡದಾಗಿ ತೆರೆದಾಗ ತನ್ನ ಗುಳಿಯಿಂದಲೇ ಮುಂದಕ್ಕೆ ಜಾರಿ ಬರುತ್ತದೆ. ಎರಡು ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಈ ಚಲನೆ ಬೆರಳಿಗೇ ತಿಳಿಯುತ್ತದೆ.

ಈ ತಿಂಗಳು ಅಡಿಕೆಯ ಕೊಳೆರೋಗದ ಬಗ್ಗೆ ಬರೆಯುವುದೆಂದಿತ್ತು. ಅದನ್ನು ಮುಂದಕ್ಕೆ ಹಾಕಿ ಈ ಸಣ್ಣ ಕೀಲಿನ ವಿಷಯಕ್ಕೆ ಬರಲು ಕಾರಣ, ಮನೆಭೇಟಿಯ ಸಮಯ ಒಂದೇ ವಾರದಲ್ಲಿ ನಾವು ಕಂಡ ಎರಡು ಮನೆಗಳು. ಒಂದರಲ್ಲಿ ತಾಯಿಗೆ ಬಾಯಿ ತೆರೆಯುವಾಗ ಕಿವಿಯ ಹತ್ತಿರ 'ಟಕ್' ಎಂಬ ಸದ್ದು. ನೋವಿಲ್ಲ, ಊಟಕ್ಕೆ ತೊಂದರೆಯಿಲ್ಲ. ಆದರೂ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಹೇಳಿದರೆಂದು ಮೂರು ಆಯಾಮದ ಸ್ಕ್ಯಾನ್ ಮಾಡಿಸಿ ಬಂದಿದ್ದಾರೆ. ಅಡಿಕೆ ಮಾರಿದ ಹಣದಲ್ಲಿ ಕೆಲವು ಸಾವಿರ ಹೋಯಿತು, ಚಿಂತೆ ಮಾತ್ರ ಮನೆಗೆ ಬಂತು. ಇನ್ನೊಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗ. ನಾಲ್ಕು ವರ್ಷಗಳ ಹಿಂದೆ ಪೇರಳೆ ಮರದಿಂದ ಬಿದ್ದು ಗದ್ದ ಒಡೆದಿತ್ತು, ಹೊಲಿಗೆ ಹಾಕಿಸಿದರು, ಗಾಯ ಒಣಗಿತು. ಈಗ ಅವನ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ಅಮ್ಮ ಅನ್ನವನ್ನು ಹಿಚುಕಿ ಕೊಡುತ್ತಾಳೆ. ಅವನ ದವಡೆ ಕೀಲಿನ ಚಿತ್ರವನ್ನು ಅಂದಿನಿಂದ ಇಂದಿನವರೆಗೆ ಯಾರೂ ತೆಗೆಸಿರಲಿಲ್ಲ.

ಬೇಡದ ಕಡೆ ಯಂತ್ರ, ಬೇಕಾದ ಕಡೆ ಇಲ್ಲ. ಇದೇ ನಮ್ಮ ದೂರು.

ಆ ಕೀಲಿನ ರಚನೆ ತಿಳಿದರೆ ಮುಂದಿನ ಮಾತು ಸುಲಭ. ಕೆಳದವಡೆಯ ಹಿಂದಿನ ತುದಿಯಲ್ಲಿ ಎರಡೂ ಕಡೆ ಒಂದೊಂದು ಗುಂಡಗಿನ ತಲೆಯಿದೆ. ಅಗಲ ಸುಮಾರು 15ರಿಂದ 20 ಮಿ.ಮೀ., ದಪ್ಪ 8ರಿಂದ 10 ಮಿ.ಮೀ.; ಹೆಚ್ಚು ಕಡಿಮೆ ಒಂದು ಗೇರುಬೀಜದ ತಿರುಳಿನಷ್ಟು. ಅದು ಕೂರುವ ಗುಳಿ ತಲೆಬುರುಡೆಯಲ್ಲಿದೆ. ಗುಳಿಯ ಮುಂದೆ ಒಂದು ದಿಬ್ಬ. ತಲೆಗೂ ಗುಳಿಗೂ ನಡುವೆ ಗಟ್ಟಿ ನಾರಿನ ಒಂದು ಚಿಕ್ಕ ಬಿಲ್ಲೆ, ಎಲುಬಿಗೆ ಎಲುಬು ಉಜ್ಜದಂತೆ. ಗುಳಿಯ ಮಾಡು, ಅಂದರೆ ದವಡೆಗೂ ಮೆದುಳಿಗೂ ನಡುವಿನ ಎಲುಬು, ಸುಮಾರು ಒಂದು ಮಿಲಿಮೀಟರ್ ದಪ್ಪ. ಕೆಲವರಲ್ಲಿ ಅದಕ್ಕೂ ತೆಳು. ಹುಟ್ಟಿದ ಮಗುವಿಗೆ ಈ ಗುಳಿ ಬಹುಮಟ್ಟಿಗೆ ಚಪ್ಪಟೆ. ಹಾಲುಹಲ್ಲು ಬಂದು ಅಗಿಯಲು ಕಲಿತಂತೆ ಮುಂದಿನ ದಿಬ್ಬ ಎದ್ದುಬರುತ್ತದೆ. ಎಲುಬಿನ ತಲೆಯ ಹೊರಪದರ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಮಕ್ಕಳ ದವಡೆ ಉದ್ದಕ್ಕೂ ಎತ್ತರಕ್ಕೂ ಬೆಳೆಯುವುದರಲ್ಲಿ ಈ ತಲೆಗೆ ದೊಡ್ಡ ಪಾಲಿದೆ. ಇದನ್ನು ನೆನಪಿಡಿ.

ಇಷ್ಟನ್ನು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ರೋಮಿನ ಕಾಲದ ವೈದ್ಯ ಗಾಲೆನ್ ಪ್ರಾಣಿಗಳನ್ನು ಕೊಯ್ದು ನೋಡಿ, ಮನುಷ್ಯನ ಕೆಳದವಡೆ ಎರಡು ಎಲುಬುಗಳದ್ದೆಂದು ಬರೆದ. ಸಾವಿರಕ್ಕೂ ಮಿಕ್ಕಿ ವರ್ಷ ಯುರೋಪಿನ ವಿದ್ವಾಂಸರು ಅದನ್ನೇ ಓದಿದರು. 1543ರಲ್ಲಿ ಪಾದುವಾದ ಪ್ರಾಧ್ಯಾಪಕ ಆಂಡ್ರಿಯಾಸ್ ವೆಸಾಲಿಯಸ್, ತನ್ನ 28ನೇ ವಯಸ್ಸಿನಲ್ಲಿ, ಮನುಷ್ಯನ ಶರೀರವನ್ನೇ ನೋಡಿ ಅದು ಒಂದೇ ಎಲುಬೆಂದು ತೋರಿಸಿದ. ಗಾಲೆನನ ಮಾತು ಪೂರಾ ಕಟ್ಟುಕತೆಯಲ್ಲ. ದನದ ಕೆಳದವಡೆಯ ಎರಡು ಅರ್ಧಗಳು ಗದ್ದದ ಹತ್ತಿರ ಮುದಿಯಾದ ಮೇಲೂ ಪೂರ್ತಿ ಬೆಸೆಯುವುದಿಲ್ಲ. ಮನುಷ್ಯನಿಗಾದರೆ ಮೊದಲ ವರ್ಷದಲ್ಲೇ ಬೆಸೆಯುತ್ತವೆ. ಪುಸ್ತಕ ನಂಬಿ ಕುಳಿತವರಿಗಿಂತ ಎಲುಬನ್ನೇ ಎತ್ತಿ ನೋಡಿದವನು ಗೆದ್ದ. ಸೆಮಿನರಿಯಲ್ಲಿ ಲತೀನ್ ಪುಸ್ತಕಗಳ ನಡುವೆ ವರ್ಷಗಟ್ಟಲೆ ಕಳೆದ ನಮಗೆ ಈ ಕತೆ ಯಾವಾಗಲೂ ಹಿಡಿಸುತ್ತದೆ.

ಆದರೆ ಬದುಕಿರುವವರ ಕೀಲನ್ನು ಎತ್ತಿ ನೋಡುವುದು ಹೇಗೆ? 1895ರ ನವೆಂಬರದಲ್ಲಿ ಜರ್ಮನಿಯ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದ. ಎಕ್ಸ್‌ರೇ ಚಿತ್ರವೆಂದರೆ ನೆರಳು. ಗೋಡೆಯ ಮೇಲೆ ಬಿದ್ದ ನೆರಳಿನಲ್ಲಿ ಮುಂದಿನ ವಸ್ತುವೂ ಹಿಂದಿನದೂ ಒಂದರ ಮೇಲೊಂದು ಕೂಡಿಬರುತ್ತವೆ. ಕಿವಿಯ ಹತ್ತಿರ ದಪ್ಪ ಎಲುಬುಗಳ ಗುಂಪೇ ಇರುವುದರಿಂದ ದವಡೆ ಕೀಲು ಆ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಈಗ ಹಲ್ಲಿನ ಆಸ್ಪತ್ರೆಗಳಲ್ಲಿ ಎಲ್ಲರಿಗೂ ತೆಗೆಯುವ ಒ.ಪಿ.ಜಿ. ಎಂಬ ಉದ್ದ ಚಿತ್ರ ಇಡೀ ದವಡೆಯನ್ನು ಬಿಡಿಸಿಟ್ಟಂತೆ ತೋರಿಸುತ್ತದೆ. ಹಲ್ಲಿಗೆ ಅದು ಬಹಳ ಒಳ್ಳೆಯದು. ಕೀಲಿನ ತಲೆ ಮಾತ್ರ ಅದರಲ್ಲಿ ಓರೆಯಾಗಿ ಬೀಳುತ್ತದೆ, ಯಾಕೆಂದರೆ ಎರಡು ಕಡೆಯ ತಲೆಗಳು ಒಂದೇ ಗೆರೆಯಲ್ಲಿ ಇಲ್ಲ. ಎರಡೂ ಒಳಗೆ ಹಿಂದಕ್ಕೆ ತಿರುಗಿಕೊಂಡಿವೆ. ಗುಳಿಯಂತೂ ಸರಿಯಾಗಿ ಕಾಣುವುದೇ ಇಲ್ಲ.

ಅಡಿಕೆ ಮಂಡಿಗೆ ಹೋದವರಿಗೆ ಗೊತ್ತು. ಹೊರಗಿನಿಂದ ಚಂದ ಕಂಡ ಅಡಿಕೆ ಒಳಗೆ ಪಟೋರವೋ ಕರಿಗೋಟೋ ಎಂಬುದು ಕತ್ತರಿಸಿದಾಗಲೇ ತಿಳಿಯುವುದು. ಕತ್ತಿ ತಾಗಿಸದೆ ಕತ್ತರಿಸಿ ನೋಡುವ ಉಪಾಯವೇ ಸಿ.ಟಿ. ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರ ಅಕ್ಟೋಬರದಲ್ಲಿ, ಲಂಡನಿನಲ್ಲಿ. 1979ರಲ್ಲಿ ಅವನಿಗೂ ಅಲನ್ ಕಾರ್ಮ್ಯಾಕ್‌ಗೂ ನೊಬೆಲ್ ಬಂತು. ಹಲ್ಲು ದವಡೆಗೆಂದೇ ಚಿಕ್ಕ ಯಂತ್ರ ಬಂದದ್ದು 1990ರ ದಶಕದ ಕೊನೆಗೆ. ಇಟಲಿಯ ವೆರೋನಾದವರು 1998ರಲ್ಲಿ ಅದನ್ನು ಪ್ರಕಟಿಸಿದರು, ಮರುವರ್ಷ ಜಪಾನಿನವರೂ ತಮ್ಮದನ್ನು ತಂದರು. ಇದನ್ನೇ ಸಿ.ಬಿ.ಸಿ.ಟಿ. ಎನ್ನುತ್ತಾರೆ. ಕೊಳವೆಯಿಂದ ಶಂಕುವಿನಾಕಾರದಲ್ಲಿ ಕಿರಣ ಹೊರಟು ತಲೆಯ ಸುತ್ತ ಒಂದು ಸುತ್ತು ಬರುತ್ತದೆ. ಕುಳಿತ ಅಥವಾ ನಿಂತ ರೋಗಿ ಅರ್ಧ ನಿಮಿಷದಷ್ಟು ಅಲುಗಾಡದೆ ಇದ್ದರೆ ಸಾಕು. ಆ ಒಂದು ಸುತ್ತಿನಲ್ಲಿ ನೂರಾರು ನೆರಳುಗಳು ಸಿಕ್ಕುತ್ತವೆ. ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ, ಸಣ್ಣ ಸಣ್ಣ ಘನಗಳಿಂದ ಕೀಲನ್ನು ಮತ್ತೆ ಕಟ್ಟುತ್ತದೆ. ಒಂದು ಘನದ ಬದಿ 0.2 ಮಿ.ಮೀ. ಎಂದಿಟ್ಟುಕೊಳ್ಳಿ, ಒಂದು ಘನ ಮಿಲಿಮೀಟರಿನೊಳಗೆ ಅಂಥವು 125 ಹಿಡಿಯುತ್ತವೆ. ಹೀಗೆ ಕಟ್ಟಿದ ಕೀಲನ್ನು ಪರದೆಯ ಮೇಲೆ ಬೇಕಾದ ದಿಕ್ಕಿಗೆ ತಿರುಗಿಸಬಹುದು, ಬೇಕಾದಲ್ಲಿ ಕೊಯ್ದು ನೋಡಬಹುದು, ಅಳೆಯಬಹುದು.

ಇದರಿಂದ ಅಂಗರಚನೆ ಓದುವವರಿಗೆ ಆದ ಲಾಭ ಸಣ್ಣದಲ್ಲ. ಹಿಂದೆ ಸತ್ತವರ ಒಣ ಎಲುಬುಗಳಲ್ಲಿ ಅಳೆಯುತ್ತಿದ್ದುದನ್ನು ಈಗ ಬದುಕಿದವರಲ್ಲಿ, ಹಲ್ಲು ಮುಚ್ಚಿ ಕಚ್ಚಿಕೊಂಡಿರುವಾಗಲೇ, ಅಳೆಯಬಹುದು. ಅದರಲ್ಲಿ ಕಂಡ ಮುಖ್ಯ ಸಂಗತಿಯೆಂದರೆ ಮನುಷ್ಯರ ಕೀಲುಗಳು ಒಂದೇ ಅಚ್ಚಿನವಲ್ಲ. ಕೆಲವರ ತಲೆ ದುಂಡು, ಕೆಲವರದ್ದು ಚಪ್ಪಟೆ, ಕೆಲವರದ್ದು ಕೋನದ ಹಾಗೆ. ಅಪರೂಪಕ್ಕೆ ಒಂದೇ ತಲೆ ಎರಡಾಗಿ ಸೀಳಿದಂತಿರುವುದೂ ಉಂಟು. ಒಬ್ಬನದ್ದೇ ಎಡಬಲಗಳು ಬೇರೆ ಬೇರೆಯಾಗಿರುವುದು ಸಾಮಾನ್ಯ. ಇವರಲ್ಲಿ ಬಹಳಷ್ಟು ಜನ ಯಾವ ನೋವೂ ಇಲ್ಲದೆ ಹಲಸಿನ ಹಪ್ಪಳ ತಿಂದುಕೊಂಡು ಇದ್ದಾರೆ.

ನಮ್ಮ ವಾದ ಶುರುವಾಗುವುದೇ ಇಲ್ಲಿ. ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ. ಸಿ.ಬಿ.ಸಿ.ಟಿ.ಯಲ್ಲಿ ಎಲುಬು ಮಾತ್ರ ಸ್ಪಷ್ಟ. ನಡುವಿನ ಬಿಲ್ಲೆ ಕಾಣುವುದಿಲ್ಲ. 'ಟಕ್' ಸದ್ದು ಬರುವುದಾದರೋ ಹೆಚ್ಚಾಗಿ ಆ ಬಿಲ್ಲೆ ಸ್ವಲ್ಪ ಮುಂದೆ ಜರುಗಿ, ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಬೀಳುವುದರಿಂದ. ಅದನ್ನು ನೋಡಬೇಕಾದರೆ ಎಂ.ಆರ್.ಐ. ಬೇಕು. ಆದರೆ ಎಂ.ಆರ್.ಐ.ಯಲ್ಲಿ ನೋಡಿದಾಗ, ಏನೂ ದೂರಿಲ್ಲದ ಜನರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಬಿಲ್ಲೆ ಜಾಗ ಬಿಟ್ಟಿರುವುದು ಕಂಡಿದೆ. ಹಾಗಿರುವಾಗ ನೋವಿಲ್ಲದ ಸದ್ದಿಗೆ ಎಲುಬಿನ ಸ್ಕ್ಯಾನ್ ಮಾಡಿಸಿ ಆ ತಾಯಿಗೆ ಸಿಕ್ಕಿದ್ದೇನು? ನೋವಿಲ್ಲದೆ, ಬಾಯಿ ಸಲೀಸಾಗಿ ತೆರೆಯುವುದಾದರೆ ಆ ಸದ್ದಿಗೆ ಸ್ಕ್ಯಾನೂ ಬೇಡ, ಚಿಕಿತ್ಸೆಯೂ ಬೇಡ.

ಚಿತ್ರಕ್ಕೆ ಮದ್ದು ಮಾಡಹೊರಟರೆ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲಿ ನಡೆದದ್ದೇ ಸಾಕು. 1980ರ ದಶಕದಲ್ಲಿ, ಜರುಗಿದ ಬಿಲ್ಲೆಯನ್ನು ತೆಗೆದು ಟೆಫ್ಲಾನ್ ಬೆರೆತ ಕೃತಕ ಬಿಲ್ಲೆ ಇಡುವ ಪದ್ಧತಿ ಅಲ್ಲಿ ಬಹಳ ಹಬ್ಬಿತು. 1983ರಲ್ಲಿ ಅದಕ್ಕೆ ಸರಕಾರದ ಅನುಮತಿಯೂ ಸಿಕ್ಕಿತ್ತು. ಅಗಿಯುವ ಭಾರಕ್ಕೆ ಅದು ಪುಡಿಯಾಯಿತು. ಆ ಪುಡಿಗೆ ಶರೀರ ಕೆರಳಿ ಸುತ್ತಲಿನ ಎಲುಬನ್ನೇ ತಿಂದಿತು. ಕೆಲವರಲ್ಲಿ ಗುಳಿಯ ಆ ತೆಳು ಮಾಡು ತೂತಾಯಿತು. 1990ರಲ್ಲಿ ಅದನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ ಸಾವಿರಾರು ಜನ ಜೀವಮಾನದ ನೋವಿಗೆ ಬಿದ್ದಾಗಿತ್ತು. 2023ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ಬಹುಕಾಲದ ದವಡೆ ನೋವಿಗೆ ಮುಂದಿಟ್ಟದ್ದು ಸಾದಾ ಉಪಾಯಗಳನ್ನು: ರೋಗಿಗೆ ವಿಷಯ ತಿಳಿಸಿ ಧೈರ್ಯ ಹೇಳುವುದು, ದವಡೆಯ ವ್ಯಾಯಾಮ, ತಿಳಿದವರ ಕೈಯಿಂದ ಸ್ನಾಯು ಸಡಿಲಿಸುವುದು, ನೋವಿನ ಬಗೆಗಿನ ಯೋಚನೆಯನ್ನು ಬದಲಿಸುವ ಮಾನಸಿಕ ಚಿಕಿತ್ಸೆ. ಬಿಲ್ಲೆ ತೆಗೆಯುವ ಶಸ್ತ್ರಕ್ರಿಯೆ ಬೇಡವೆಂದೇ ಅದು ಖಂಡಿತವಾಗಿ ಹೇಳಿದೆ.

ಕಿರಣದ ಮಾತನ್ನೂ ಒಂದಿಷ್ಟು ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಕೆಲವರಿಗೆ ಅತಿ ಹೆದರಿಕೆ, ಕೆಲವರಿಗೆ ಸ್ವಲ್ಪವೂ ಇಲ್ಲ. ಮಣ್ಣು, ಕಲ್ಲು, ಆಕಾಶದಿಂದ ಮನುಷ್ಯನಿಗೆ ತಾನಾಗಿ ತಗಲುವ ಕಿರಣ ಲೋಕದ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2400 ಮೈಕ್ರೋಸೀವರ್ಟ್. ಒಂದು ಒ.ಪಿ.ಜಿ.ಗೆ 10ರಿಂದ 25ರಷ್ಟು. ಸಿ.ಬಿ.ಸಿ.ಟಿ.ಗೆ ಯಂತ್ರವನ್ನೂ ಚಿತ್ರದ ಅಗಲವನ್ನೂ ಹೊಂದಿಕೊಂಡು ಕೆಲವು ಹತ್ತುಗಳಿಂದ ಕೆಲವು ನೂರು. ದೊಡ್ಡ ಆಸ್ಪತ್ರೆಯ ತಲೆಯ ಸಿ.ಟಿ.ಗೆ 2000ದ ಆಸುಪಾಸು. ಎಂ.ಆರ್.ಐ.ಗೆ ಎಕ್ಸ್‌ರೇ ಕಿರಣವೇ ಇಲ್ಲ. ಹೆದರಿ ಓಡುವಂಥ ಲೆಕ್ಕ ಇದಲ್ಲ. ಆದರೆ ಬೆಳೆಯುವ ಮಕ್ಕಳ ಮೈಗೆ ಇದು ಹೆಚ್ಚು ನಾಟುತ್ತದೆ. 'ಹೇಗೂ ಇರಲಿ' ಎಂದು ತೆಗೆಸುವುದಕ್ಕಲ್ಲ. ವೈದ್ಯರಲ್ಲಿ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಈ ಚಿತ್ರದಲ್ಲಿ ಏನು ಕಂಡರೆ ನೀವು ಮಾಡುವ ಮದ್ದು ಬದಲಾಗುತ್ತದೆ?" ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ.

ಹಾಗಾದರೆ ತೆಗೆಸಲೇಬೇಕಾದದ್ದು ಯಾವಾಗ? ಆ ಹುಡುಗನ ವಿಷಯಕ್ಕೆ ಬರೋಣ. ಗದ್ದ ನೆಲಕ್ಕೆ ಬಡಿದಾಗ ಪೆಟ್ಟು ಗದ್ದದಲ್ಲೇ ನಿಲ್ಲುವುದಿಲ್ಲ. ದವಡೆಯುದ್ದಕ್ಕೂ ಹಿಂದಕ್ಕೆ ಹೋಗಿ ಕಿವಿಯ ಮುಂದಿನ ಆ ಗುಂಡಗಿನ ತಲೆಯನ್ನು ಒಡೆಯುತ್ತದೆ, ಕೆಲವೊಮ್ಮೆ ಎರಡೂ ಕಡೆ. ಹೊರಗೆ ಕಾಣುವುದು ಗದ್ದದ ಗಾಯ ಮಾತ್ರ. ಮಗು ನೋವಿಗೆ ಬಾಯಿ ತೆರೆಯುವುದಿಲ್ಲ. ಗಾಯ ಇದೆಯಲ್ಲ, ಮಾಗಲಿ ಎಂದು ನಾವೂ ಸುಮ್ಮನಿರುತ್ತೇವೆ. ಒಳಗೆ ಕೀಲಿನಲ್ಲಿ ರಕ್ತ ಹೆಪ್ಪುಗಟ್ಟಿ, ತಿಂಗಳುಗಳಲ್ಲಿ ಎಲುಬಿಗೆ ಎಲುಬು ಬೆಸೆದುಕೊಳ್ಳುತ್ತದೆ. ಬಾಯಿ ಬೀಗ ಹಾಕಿದಂತಾಗುತ್ತದೆ. ದವಡೆಯ ಬೆಳವಣಿಗೆ ನಿಂತು ಗದ್ದ ಒಳಕ್ಕೆ ಸರಿಯುತ್ತದೆ, ಮುಖ ಒಂದು ಕಡೆಗೆ ವಾಲುತ್ತದೆ, ನಾಲಗೆಗೆ ಜಾಗವಿಲ್ಲದೆ ನಿದ್ದೆಯಲ್ಲಿ ಗೊರಕೆ, ಉಸಿರು ಕಟ್ಟುವುದು. ಹಲ್ಲು ಹುಳುಕಾದರೆ ಕೀಳಲೂ ಸಾಧ್ಯವಿಲ್ಲ. ನಮ್ಮ ದೇಶದಲ್ಲಿ ಮಕ್ಕಳ ದವಡೆ ಕೀಲು ಬೆಸೆದುಹೋಗಲು ಮುಖ್ಯ ಕಾರಣ ಇಂಥ ಬೀಳುವಿಕೆಯೇ.

ಮರ ಹತ್ತದ ಮಕ್ಕಳು ನಮ್ಮ ತೋಟಗಳಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಬಿದ್ದು ಗದ್ದ ಒಡೆದುಕೊಂಡು ಬಂದರೆ ಗಾಯದ ಜೊತೆಗೆ ಇಷ್ಟು ನೋಡಿ. ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ಓಡುತ್ತದೆಯೇ? ಓಡಿದರೆ ಪೆಟ್ಟು ಆ ಕಡೆಯ ಕೀಲಿಗೇ ಇರಬಹುದು. ಹಲ್ಲುಗಳು ಮೊದಲಿನ ಹಾಗೆ ಕೂಡುತ್ತವೆಯೇ? ಕಿವಿಯಿಂದ ರಕ್ತ ಬಂದಿದೆಯೇ? ಒಂದು ವಾರ ಕಳೆದರೂ ಅವನದ್ದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ಹಿಡಿಸಲು ಕಷ್ಟವಾಗುತ್ತದೆಯೇ? ಇವುಗಳಲ್ಲಿ ಒಂದಿದ್ದರೂ, ಹೊಲಿಗೆ ಹಾಕಿದವರು ಸಾಕೆಂದರೂ, ದವಡೆ ಶಸ್ತ್ರವೈದ್ಯರಿಗೆ ತೋರಿಸಿ ಕೀಲಿನ ಚಿತ್ರ ಕೇಳಿ. ಇಲ್ಲಿ ಮೂರು ಆಯಾಮದ ಚಿತ್ರಕ್ಕೆ ಕೊಟ್ಟ ಹಣ ದಂಡವಲ್ಲ. ಮಕ್ಕಳಿಗೆ ಹೆಚ್ಚಿನ ಸಲ ಶಸ್ತ್ರಕ್ರಿಯೆಯೂ ಬೇಕಾಗುವುದಿಲ್ಲ; ಬೇಗ ವ್ಯಾಯಾಮ ಮಾಡಿಸಿ ಬಾಯಿಯನ್ನು ಆಡಿಸುತ್ತಾ, ಕೆಲವು ವರ್ಷ ಬೆಳವಣಿಗೆಯನ್ನು ನೋಡಿಕೊಳ್ಳಬೇಕು, ಅಷ್ಟೆ. ಬಹಳ ದಿನ ಕಟ್ಟಿಡುವುದೇ ಅಪಾಯ. ಬೆಸೆದುಹೋದ ಮೇಲೆ ಕೊಯ್ದೇ ಬಿಡಿಸಬೇಕು. ಆಗ ಎಲುಬಿನ ಗಂಟು ಎಲ್ಲಿಯವರೆಗೆ ಹೋಗಿದೆ, ಅದರ ಒಳಬದಿಯಲ್ಲಿ ಹರಿಯುವ ದೊಡ್ಡ ರಕ್ತನಾಳ ಎಷ್ಟು ಹತ್ತಿರವಿದೆ ಎಂದು ಸಿ.ಟಿ.ಯಲ್ಲಿ ನೋಡದೆ ವೈದ್ಯರು ಕತ್ತಿ ಎತ್ತುವುದಿಲ್ಲ. ಆ ಹುಡುಗನನ್ನು ಮಂಗಳೂರಿಗೆ ಕಳುಹಿಸಿದ್ದೇವೆ.

ದೊಡ್ಡವರಿಗೂ ಕೆಲವು ಸಂದರ್ಭಗಳಿವೆ. ಮುಖ ಮೆಲ್ಲಮೆಲ್ಲನೆ ಒಂದು ಕಡೆಗೆ ತಿರುಗುವುದು, ಕಚ್ಚುವ ರೀತಿ ಬದಲಾಗುವುದು, ಸಂಧಿವಾತ ಇದ್ದವರಿಗೆ ದವಡೆಯಲ್ಲೂ ಬಿಗಿತ. ತೆಂಗು ಕಂಗಿನಿಂದ ಬಿದ್ದವರ ಮಾತು ಹೇಳಬೇಕಾಗಿಲ್ಲ.

ಇನ್ನು ಸ್ವಲ್ಪ ಅಪ್ರಿಯವಾದ ಮಾತು. ಬಾಯಿ ತೆರೆಯದಿರುವುದೆಲ್ಲ ಕೀಲಿನ ದೋಷವಲ್ಲ. ನಮ್ಮಲ್ಲಿ ಬಹಳ ಮನೆಗಳ ಅನ್ನ ಅಡಿಕೆಯದು, ಈ ಚರ್ಚಿನ ಮಾಡಿಗೂ ಅಡಿಕೆಯ ಹಣ ಸೇರಿದೆ. ಬೆಳೆಯುವವರನ್ನು ದೂರಲು ನಾವು ಹೊರಟಿಲ್ಲ. ಆದರೆ ದಿನವಿಡೀ ಅಡಿಕೆ ಬಾಯಲ್ಲಿಟ್ಟುಕೊಳ್ಳುವವರ ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ, ಹಗ್ಗದಂತೆ ಬಿಗಿಯಾಗುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ಸಣ್ಣದಾಗುತ್ತಾ ಬರುವುದು. 1950ರ ದಶಕದಿಂದಲೂ ಭಾರತದ ವೈದ್ಯರು ಬರೆಯುತ್ತಾ ಬಂದ ರೋಗವಿದು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದೆ. ಕೀಲಿನ ಎಷ್ಟು ಚಿತ್ರ ತೆಗೆದರೂ ಇದು ಅದರಲ್ಲಿ ಕಾಣದು. ಕೆನ್ನೆಯೊಳಗೆ ಬೆರಳು ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಬಾಯಿಯೊಳಗೆ ಕಣ್ಣು ಹಾಯಿಸದೆ ಸ್ಕ್ಯಾನಿಗೆ ಚೀಟಿ ಬರೆಯುವವರ ಹತ್ತಿರ ಎರಡನೇ ಸಲ ಹೋಗಬೇಡಿ ಎಂದೇ ನಮ್ಮ ಸಲಹೆ.

ಗೊಬ್ಬರದ ಹೊಂಡದಲ್ಲೋ ತೋಟದಲ್ಲೋ ಕಾಲಿಗೆ ಗಾಯವಾಗಿ, ಕೆಲವು ದಿನಗಳಲ್ಲಿ ದವಡೆ ಬಿಗಿದು ಕಚ್ಚಿಕೊಂಡರೆ ಅದು ಧನುರ್ವಾಯು ಇರಬಹುದು. ಹಲ್ಲಿನ ಆಸ್ಪತ್ರೆಗಲ್ಲ, ನೇರ ದೊಡ್ಡ ಆಸ್ಪತ್ರೆಗೆ ಓಡಬೇಕು. ಗುಡ್ಡ ಹತ್ತುವಾಗ, ಹೊರೆ ಹೊರುವಾಗ ಎದೆ ಬಿಗಿದು, ಬೆವರಿ, ದವಡೆಗೆ ನೋವು ಏರಿದರೆ ಹೃದಯವನ್ನು ನೋಡಿಸಬೇಕು. ಆಕಳಿಸಿದಾಗ ಬಾಯಿ ತೆರೆದಂತೆಯೇ ಸಿಕ್ಕಿಕೊಂಡರೆ, ಕೀಲಿನ ತಲೆ ಮುಂದಿನ ದಿಬ್ಬ ದಾಟಿ ನಿಂತಿದೆಯೆಂದು ಅರ್ಥ. ತಿಳಿದ ವೈದ್ಯರು ಕೈಯಿಂದಲೇ ಕೂರಿಸುತ್ತಾರೆ.

ಗಡಿಯ ಈಚೆಗಿರುವ ನಮಗೆ ಇನ್ನೊಂದು ತೊಂದರೆಯಿದೆ. ಚಿತ್ರ ತೆಗೆದದ್ದು ಒಂದು ಊರಿನಲ್ಲಿ, ಮದ್ದು ಇನ್ನೊಂದರಲ್ಲಿ. ಅಲ್ಲಿಯವರು "ನಮ್ಮಲ್ಲೇ ತೆಗೆಸಿ" ಎನ್ನುತ್ತಾರೆ. ಮತ್ತೆ ಹಣ, ಮತ್ತೆ ಕಿರಣ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನಲ್ಲೇ ಕಾಗದಪತ್ರವೆಲ್ಲ ಬಿಟ್ಟು ಬಂದವರ ಪಾಡು ನೆನಪಿರಬಹುದು. ಕಾಗದದ ಮೇಲಿನ ನಾಲ್ಕು ಚಿತ್ರ ತಂದು ಪ್ರಯೋಜನವಿಲ್ಲ. ತಿರುಗಿಸಿ ಕೊಯ್ದು ನೋಡುವ ಗುಣ ಅದರಲ್ಲಿಲ್ಲ. ಪೂರ್ತಿ ಚಿತ್ರವನ್ನು 'ಡೈಕಾಮ್' ಮಾದರಿಯಲ್ಲಿ ಸಿ.ಡಿ.ಗೋ ಪೆನ್‌ಡ್ರೈವಿಗೋ ಹಾಕಿ ಕೊಡಿ ಎಂದು ಕೇಳಿ, ವರದಿಯ ಕಾಗದವನ್ನೂ ಕೇಳಿ. ತಂದ ಮೇಲೆ ಮೇಜಿನ ಮೇಲೆ ಬಿಸಾಡದೆ, ಜಾಗದ ಆಧಾರ ಮತ್ತು ತೀರ್ವೆ ರಶೀದಿ ಇಡುವ ಪೆಟ್ಟಿಗೆಯಲ್ಲೇ ಇಟ್ಟುಬಿಡಿ. ಮಳೆಗಾಲದ ಥಂಡಿ ತಾಗದಂತೆ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ವಿಚಾರ ಮುಂದಿನ ಸಂಚಿಕೆಯಲ್ಲಿ.